ಗಣಕಕ್ಕೂ ಅಚ್ಚಿಗೂ ಇರುವ ನಂಟು

ಮನೆಯ ಹುಡುಗನೋ ಹುಡುಗಿಯೋ ಪರೀಕ್ಷೆಯ ಪ್ರವೇಶಪತ್ರಕ್ಕಾಗಿ, ವಿದ್ಯಾರ್ಥಿವೇತನದ ಅರ್ಜಿಗಾಗಿ ಬೀದಿಯ ತಿರುವಿನ ಅಂಗಡಿಗೆ ಓಡಿ "ಒಂದು ಪ್ರಿಂಟ್ ತೆಗೆದುಕೊಡಿ" ಎಂದು ಕೇಳುವುದು ಈಗ ದಿನನಿತ್ಯದ ಸಂಗತಿ. ತೆರೆಯ ಮೇಲೆ ಕಂಡ ಅಕ್ಷರ ಚಿಟಿಕೆ ಹೊಡೆಯುವಷ್ಟರಲ್ಲಿ ಕಾಗದದ ಮೇಲೆ ಬಂದು ಕುಳಿತಿರುತ್ತದೆ. ಶಾಲೆಯ ಪುಸ್ತಕವೂ ಈ ವಿಷಯವನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತದೆ: ಗಣಕಯಂತ್ರಕ್ಕೆ ಉಣಿಸುವ ಭಾಗವೊಂದು, ಎಣಿಸುವ ಭಾಗವೊಂದು, ನೆನಪಿಡುವ ಭಾಗವೊಂದು, ಹೊರಗೆಡಹುವ ಭಾಗವೊಂದು, ಕೀಲಿಮಣೆ ಉಣಿಸುತ್ತದೆ, ಪ್ರಿಂಟರು ಹೊರಗೆಡಹುತ್ತದೆ. ಇದು ಸುಳ್ಳಲ್ಲ. ಆದರೆ ಇದನ್ನು ಬಾಯಿಪಾಠ ಮಾಡಿದ ಹುಡುಗನಿಗೆ, ಗಣಕಯಂತ್ರ ಮೊದಲು ಹುಟ್ಟಿತು, ಪ್ರಿಂಟರು ಯಾವಾಗಲೋ ಆಮೇಲೆ ಬಾಲದಂತೆ ಅದಕ್ಕೆ ಅಂಟಿಕೊಂಡಿತು ಎಂಬ ಭಾವನೆ ಉಳಿದುಬಿಡುತ್ತದೆ. ಚರಿತ್ರೆ ಹೇಳುವುದು ಬೇರೆ. ತಪ್ಪಿಲ್ಲದ ಅಚ್ಚು ಬೇಕೆಂಬ ಹಂಬಲದಿಂದಲೇ ಗಣಕಯಂತ್ರದ ಕಲ್ಪನೆ ಮೊಳೆಯಿತು. ಆ ಕಥೆಯನ್ನೂ, ಅದು ನಮ್ಮ ಕನ್ನಡದ ಅಕ್ಷರದವರೆಗೆ ಬಂದು ಮುಟ್ಟಿದ ಬಗೆಯನ್ನೂ ತಮ್ಮ ಮುಂದಿಡುತ್ತೇನೆ.

ಮೊದಲು ಹೆಸರಿನ ಮಾತು. ಕನ್ನಡ ಪಂಡಿತನಾದವನಿಗೆ ಅದನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಸಂಸ್ಕೃತದಲ್ಲಿ 'ಗಣಕ'ನೆಂದರೆ ಯಂತ್ರವಲ್ಲ, ಮನುಷ್ಯ. ಲೆಕ್ಕ ಹಾಕುವವನು, ಜೋಯಿಸ. ಇಂಗ್ಲಿಷಿನ 'ಕಂಪ್ಯೂಟರ್' ಎಂಬ ಶಬ್ದದ ಕಥೆಯೂ ಇದೇ. ಕಾಗದ ಲೇಖನಿ ಹಿಡಿದು ಕೂಡುತ್ತ ಕಳೆಯುತ್ತ ಕೂರುವ ನೌಕರನಿಗೆ ಆ ಹೆಸರಿದ್ದಿತು. ನಮ್ಮ ದೇಶದ ಮಹಾ ತ್ರಿಕೋನಮಿತಿ ಮೋಜಣಿಯಲ್ಲಿ ರಾಧಾನಾಥ ಸಿಕ್‌ದಾರರು ೧೮೩೧ರಲ್ಲಿ ಸೇರಿದ್ದು 'ಕಂಪ್ಯೂಟರ್' ಎಂಬ ಹುದ್ದೆಗೆ. ಮುಂದೆ ಎವರೆಸ್ಟ್ ಎಂದು ಹೆಸರಾದ ಶಿಖರ ೨೯,೦೦೨ ಅಡಿ ಎತ್ತರವಿದೆಯೆಂದು ೧೮೫೬ರಲ್ಲಿ ಪ್ರಕಟವಾದುದರ ಹಿಂದೆ ಅವರ ಲೆಕ್ಕವಿದ್ದಿತು. ಮನುಷ್ಯನ ಹೆಸರು ಎರಡು ಭಾಷೆಗಳಲ್ಲಿಯೂ ಯಂತ್ರಕ್ಕೆ ಹೋಯಿತು.

ಅಂದಿನ ಗಣಕರ ಕೈಯಲ್ಲಿ ಸದಾ ಇರುತ್ತಿದ್ದ ಪುಸ್ತಕವೆಂದರೆ ಕೋಷ್ಟಕಗಳದು. ಜಾನ್ ನೇಪಿಯರ್ ೧೬೧೪ರಲ್ಲಿ ಲಾಗರಿದಮ್ ಕ್ರಮವನ್ನು ಪ್ರಕಟಿಸಿದ ಮೇಲೆ ಗುಣಾಕಾರವನ್ನು ಸಂಕಲನವಾಗಿ ಮಾಡಿಕೊಳ್ಳುವ ಉಪಾಯ ದೊರೆಯಿತು. ಅದಕ್ಕೆ ಪುಟಗಟ್ಟಲೆ ಅಂಕಿಗಳ ಅಚ್ಚಾದ ಕೋಷ್ಟಕ ಬೇಕು. ಹಡಗಿನ ನಾಯಕ ನಡುಗಡಲಿನಲ್ಲಿ ತಾನಿರುವ ಜಾಗವನ್ನು ಕಂಡುಹಿಡಿಯುತ್ತಿದ್ದುದು ಚಂದ್ರ ನಕ್ಷತ್ರಗಳನ್ನು ನೋಡಿ, ಇಂತಹ ಪುಸ್ತಕವನ್ನು ತೆರೆದು. ಒಂದು ಅಂಕಿ ತಪ್ಪಿದರೆ ಹಡಗು ಬಂಡೆಗೆ ಬಡಿಯಬಹುದು. ಹಾಗಿದ್ದೂ ಆ ಪುಸ್ತಕಗಳ ತುಂಬ ತಪ್ಪುಗಳೇ. ನಲವತ್ತು ಸಂಪುಟಗಳ ಕೋಷ್ಟಕಗಳನ್ನು ನೋಡಿದಾಗ, ಒಪ್ಪಿಕೊಂಡ ತಪ್ಪುಗಳೇ ೩,೭೦೦ ಇದ್ದವೆಂದು ಡಯೊನೀಸಿಯಸ್ ಲಾರ್ಡ್ನರ್ ಎಂಬವನು ೧೮೩೪ರಲ್ಲಿ ಬರೆದನು. ನಾವಿಕ ಪಂಚಾಂಗದಲ್ಲಿ ಹಳೆಯದೊಂದು ಲಾಗರಿದಮ್ ಪುಸ್ತಕಕ್ಕೆ ಒಪ್ಪೋಲೆ ಅಚ್ಚಾಯಿತು. ಮುಂದಿನ ವರ್ಷದ ಪಂಚಾಂಗದಲ್ಲಿ ಆ ಒಪ್ಪೋಲೆಗೊಂದು ಒಪ್ಪೋಲೆ. ಅದರ ಮುಂದಿನ ವರ್ಷ ಒಪ್ಪೋಲೆಯ ಒಪ್ಪೋಲೆಗೆ ಮತ್ತೊಂದು ಒಪ್ಪೋಲೆ! ಅಚ್ಚುಕೂಟದ ಸಹವಾಸ ಮಾಡಿದವರು ಇದನ್ನು ಕೇಳಿ ನಗಲಾರರು, ನಿಟ್ಟುಸಿರು ಬಿಡುವರು.

ಚಾರ್ಲ್ಸ್ ಬ್ಯಾಬೇಜ್ ಎಂಬ ಆಂಗ್ಲ ಗಣಿತಜ್ಞ ಹುಟ್ಟಿದುದು ೧೭೯೧ರಲ್ಲಿ. ೧೮೨೧ರಲ್ಲಿ ಅವನೂ ಅವನ ಗೆಳೆಯ ಜಾನ್ ಹರ್ಷೆಲನೂ ಕುಳಿತು ಖಗೋಳದ ಕೋಷ್ಟಕಗಳನ್ನು ತಾಳೆ ನೋಡುತ್ತಿದ್ದರು. ಇಬ್ಬರು ಗಣಕರು ಬೇರೆ ಬೇರೆಯಾಗಿ ಮಾಡಿದ ಲೆಕ್ಕ. ಹೋಲಿಸಿದಷ್ಟೂ ತಪ್ಪುಗಳು ಹೊರಬಿದ್ದವು. ಈ ಲೆಕ್ಕವನ್ನೆಲ್ಲ ಆವಿಯಂತ್ರ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬ್ಯಾಬೇಜ್ ಬೇಸತ್ತು ನುಡಿದನಂತೆ. ಇಲ್ಲಿಂದ ಕಥೆ ಪ್ರಾರಂಭ.

ಬ್ಯಾಬೇಜನ ಹೆಚ್ಚುಗಾರಿಕೆ ಕೂಡುವ ಯಂತ್ರವನ್ನು ಯೋಚಿಸಿದುದರಲ್ಲಿಲ್ಲ. ಕೂಡಿ ಕಳೆಯುವ ಸಣ್ಣ ಯಂತ್ರಗಳನ್ನು ಪಾಸ್ಕಲ್, ಲೈಬ್ನಿಟ್ಸ್ ಮೊದಲಾದವರು ಅವನಿಗಿಂತ ನೂರೈವತ್ತು ವರ್ಷ ಹಿಂದೆಯೇ ಮಾಡಿದ್ದರು. ತಪ್ಪು ಎಲ್ಲೆಲ್ಲಿ ನುಸುಳುತ್ತದೆಂದು ಅವನು ಹುಡುಕಿ ನೋಡಿದನು. ಲೆಕ್ಕ ಮಾಡುವಾಗ ಒಂದು ತಪ್ಪು. ಲೆಕ್ಕದ ಹಾಳೆಯಿಂದ ಶುದ್ಧಪ್ರತಿ ಮಾಡುವಾಗ ಮತ್ತೊಂದು. ಆ ಪ್ರತಿಯನ್ನು ನೋಡಿ ಅಚ್ಚುಕೂಟದವನು ಮೊಳೆ ಜೋಡಿಸುವಾಗ ಇನ್ನೊಂದು. ಜೋಡಿಸಿದ್ದು ಸರಿಯಾಗಿದ್ದರೂ, ಮಸಿ ಹಚ್ಚುವಾಗ ಸಡಿಲವಾದ ಮೊಳೆಯೊಂದು ಕಿತ್ತುಬಂದು, ಕೆಲಸಗಾರ ಅದನ್ನು ಸಿಕ್ಕ ಜಾಗಕ್ಕೆ ಸಿಕ್ಕಿಸಿದರೆ ಅಲ್ಲಿ ನಾಲ್ಕನೆಯದು. ಲೆಕ್ಕವನ್ನು ಮಾತ್ರ ಯಂತ್ರ ಮಾಡಿ ಉಳಿದುದನ್ನು ಮನುಷ್ಯನ ಕೈಗೆ ಬಿಟ್ಟರೆ ನಾಲ್ಕರಲ್ಲಿ ಮೂರು ಬಾಗಿಲು ತೆರೆದೇ ಉಳಿಯುತ್ತವೆ. ಆದುದರಿಂದ ಎಣಿಸಿದ ಯಂತ್ರವೇ ಅಚ್ಚನ್ನೂ ಒತ್ತಬೇಕು, ಅಂಕಿಗೂ ಅಚ್ಚಿಗೂ ನಡುವೆ ಮನುಷ್ಯನ ಬೆರಳು ಸೋಕಬಾರದು ಎಂದು ಅವನು ನಿಶ್ಚಯಿಸಿದನು.

ಈ ಯಂತ್ರಕ್ಕೆ ಅವನಿಟ್ಟ ಹೆಸರು 'ಡಿಫರೆನ್ಸ್ ಎಂಜಿನ್', ವ್ಯತ್ಯಾಸ ಯಂತ್ರವೆನ್ನಬಹುದು. ಅದರ ತತ್ತ್ವ ಸರಳ. ೧, ೪, ೯, ೧೬, ೨೫ ಎಂಬ ವರ್ಗಸಂಖ್ಯೆಗಳನ್ನು ತೆಗೆದುಕೊಳ್ಳಿ. ಒಂದರಿಂದೊಂದಕ್ಕೆ ಇರುವ ವ್ಯತ್ಯಾಸ ೩, ೫, ೭, ೯. ಈ ವ್ಯತ್ಯಾಸಗಳ ವ್ಯತ್ಯಾಸ ಯಾವಾಗಲೂ ೨. ಹೀಗಾಗಿ ಗುಣಾಕಾರವೇ ಇಲ್ಲದೆ ಬರಿಯ ಕೂಡಿಕೆಯಿಂದ ವರ್ಗಗಳ ಕೋಷ್ಟಕವನ್ನು ಬೇಕಾದಷ್ಟು ದೂರ ಬೆಳೆಸಬಹುದು. ಮನೆಯ ಮಕ್ಕಳಿಗೆ ಹೇಳಿ ಮಾಡಿಸಿ ನೋಡಿ. ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹಲ್ಲಿನ ಚಕ್ರಗಳಿಂದ ಕೂಡಿಕೆ ಮಾಡಿಸುವುದು ಗಡಿಯಾರದ ಕೆಲಸ ಬಲ್ಲವರಿಗೆ ಅಸಾಧ್ಯವೇನಲ್ಲ. ೧೮೨೩ರಲ್ಲಿ ಬ್ರಿಟಿಷ್ ಸರ್ಕಾರ ಹಣ ಕೊಡಲು ಮೊದಲುಮಾಡಿತು. ಹತ್ತು ವರ್ಷ ಕಳೆದರೂ ಯಂತ್ರದ ಒಂದು ತುಂಡು ಮಾತ್ರ ಸಿದ್ಧವಾಯಿತು. ಬ್ಯಾಬೇಜನಿಗೂ ಅವನ ಕಮ್ಮಟದ ಜೋಸೆಫ್ ಕ್ಲೆಮೆಂಟನಿಗೂ ಜಗಳವಾಗಿ ೧೮೩೩ರಲ್ಲಿ ಕೆಲಸ ನಿಂತಿತು. ೧೭ ಸಾವಿರ ಪೌಂಡಿಗೂ ಮೇಲೆ ಸುರಿದ ಸರ್ಕಾರ ೧೮೪೨ರಲ್ಲಿ ಕೈಬಿಟ್ಟಿತು. ಬ್ಯಾಬೇಜ್ ಮುಂಗೋಪಿ; ಒಂದನ್ನು ಮುಗಿಸುವ ಮೊದಲೇ ಅದಕ್ಕಿಂತ ಉತ್ತಮವಾದ ಇನ್ನೊಂದನ್ನು ಯೋಚಿಸುವ ಸ್ವಭಾವದವನು. ಹೀಗಿದ್ದವರ ಕೈಯಲ್ಲಿ ಸರ್ಕಾರದ ಕೆಲಸ ಮುಗಿಯುವುದು ಯಾವ ದೇಶದಲ್ಲಿಯೂ ಕಷ್ಟವೇ.

ಆ ಇನ್ನೊಂದು ಯೋಚನೆಯೇ ೧೮೩೪ರಿಂದ ಅವನು ಚಿತ್ರಿಸುತ್ತ ಬಂದ 'ಅನಲಿಟಿಕಲ್ ಎಂಜಿನ್'. ಇದರಲ್ಲಿ ಅಂಕಿಗಳನ್ನು ಇಡುವ ಉಗ್ರಾಣವೊಂದು, ಅವನ್ನು ತಂದು ಅರೆಯುವ ಗಿರಣಿಯೊಂದು. ಏನು ಮಾಡಬೇಕೆಂಬ ಆಜ್ಞೆ ತೂತು ಕೊರೆದ ರಟ್ಟುಗಳಲ್ಲಿ. ರಟ್ಟಿನ ಉಪಾಯ ನೇಕಾರರದು. ಫ್ರಾನ್ಸಿನ ಜಕಾರ್ಡ್ ಎಂಬವನು ೧೮೦೪ರ ಸುಮಾರಿಗೆ ರೇಷ್ಮೆಯಲ್ಲಿ ಹೂಬಳ್ಳಿ ನೇಯಲು ಇಂತಹ ರಟ್ಟುಗಳನ್ನು ಮಗ್ಗಕ್ಕೆ ಹಾಕಿದ್ದನು. ಅವನ ಹೆಸರು ನಮ್ಮ ನೇಕಾರರ ಊರುಗಳಲ್ಲಿ 'ಜಕಾರ್ಡು' ಎಂದು ಇಂದಿಗೂ ಬಳಕೆಯಲ್ಲಿದೆ. ಉಗ್ರಾಣ, ಗಿರಣಿ, ಆಜ್ಞೆ: ಇಂದು ಹುಡುಗರು ಮೆಮೊರಿ, ಪ್ರೊಸೆಸರ್, ಪ್ರೋಗ್ರಾಂ ಎಂದು ಕಲಿಯುವುದೂ ಇವನ್ನೇ. ಈ ಯಂತ್ರದ ಮೇಲೆ ೧೮೪೩ರಲ್ಲಿ ಟಿಪ್ಪಣಿಗಳನ್ನು ಪ್ರಕಟಿಸಿದ ಏಡಾ ಲವ್‌ಲೇಸ್ ಎಂಬ ಮಹಿಳೆ, ಯಂತ್ರ ತಾನಾಗಿ ಏನನ್ನೂ ಹುಟ್ಟಿಸದು, ನಾವು ಆಜ್ಞಾಪಿಸಲು ಬಲ್ಲುದನ್ನು ಮಾತ್ರ ಮಾಡುವುದು ಎಂಬ ತಿಳಿವಳಿಕೆಯ ಮಾತನ್ನು ಬರೆದಳು. ಇದನ್ನು ಅರಿಯದ ಪಾರ್ಲಿಮೆಂಟಿನ ಸದಸ್ಯರು, ತಪ್ಪು ಅಂಕಿ ಹಾಕಿದರೂ ಯಂತ್ರದಿಂದ ಸರಿಯುತ್ತರ ಬರುವುದೇ ಎಂದು ತನ್ನನ್ನು ಕೇಳಿದರೆಂದು ಬ್ಯಾಬೇಜ್ ತನ್ನ ಆತ್ಮಕಥೆಯಲ್ಲಿ ಹಾಸ್ಯಮಾಡಿದ್ದಾನೆ.

೧೮೪೭ರಿಂದ ೧೮೪೯ರವರೆಗೆ ಬ್ಯಾಬೇಜ್ ಎರಡನೆಯ ವ್ಯತ್ಯಾಸ ಯಂತ್ರದ ನಕ್ಷೆಗಳನ್ನು ಬರೆದನು. ಕಟ್ಟಿಸುವವರಿಲ್ಲದೆ ನಕ್ಷೆ ಪೆಟ್ಟಿಗೆಯಲ್ಲುಳಿಯಿತು. ಅವನು ೧೮೭೧ರಲ್ಲಿ ತೀರಿಕೊಂಡನು. ಇದರ ನಡುವೆ ಸ್ವೀಡನ್ನಿನ ಯೇರ್ಯ್ ಶೋಯ್ಟ್ಸ್ ಎಂಬವನೂ ಅವನ ಮಗನೂ ಇಂತಹದೇ ಚಿಕ್ಕ ಯಂತ್ರವನ್ನು ೧೮೫೩ರಲ್ಲಿ ಮುಗಿಸಿಯೇಬಿಟ್ಟರು. ಅದೂ ಅಂಕಿಗಳ ಅಚ್ಚುಪಡಿಯನ್ನು ತಾನೇ ಒತ್ತುತ್ತಿದ್ದಿತು. ಆ ತಂದೆ ಯಾವ ವೃತ್ತಿಯವನೆಂದು ಬಲ್ಲಿರಾ? ಅಚ್ಚುಕೂಟ ನಡೆಸಿದವನು! ಬ್ಯಾಬೇಜನ ನಕ್ಷೆಗಳನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಹೊರತೆಗೆದು, ಅವನ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಯದಲ್ಲಿ ಯಂತ್ರವನ್ನು ಕಟ್ಟಿದರು. ಎಣಿಸುವ ಭಾಗ ಅವನ ಇನ್ನೂರನೆಯ ಹುಟ್ಟುಹಬ್ಬಕ್ಕೆ ಸರಿಯಾಗಿ ೧೯೯೧ರಲ್ಲಿ ನಡೆಯಿತು. ಅಚ್ಚಿನ ಭಾಗ ಮುಗಿಯಲು ೨೦೦೨ ಬಂದಿತು. ಒಟ್ಟು ಬಿಡಿಭಾಗಗಳು ಸುಮಾರು ೮,೦೦೦, ತೂಕ ಐದು ಟನ್ನು. ಅದರಲ್ಲಿ ಹೆಚ್ಚುಕಡಮೆ ಅರ್ಧ ಎಣಿಸುವುದಕ್ಕೆ, ಇನ್ನರ್ಧ ಅಚ್ಚಿಗೆ! ಹಿಡಿಕೆ ತಿರುಗಿಸಿದರೆ ೩೧ ಸ್ಥಾನಗಳವರೆಗಿನ ಉತ್ತರ ಕಾಗದದ ಸುರುಳಿಯ ಮೇಲೆ ಮಸಿಯಲ್ಲಿ ಬೀಳುತ್ತದೆ. ಜೊತೆಗೇ ಸುಣ್ಣದ ಹಸಿ ಗಾರೆಯಂತಹ ಪದಾರ್ಥದ ಮೇಲೆ ಒತ್ತಿ, ಸೀಸ ಎರೆದು ಅಚ್ಚಿನ ಹಲಗೆ ಮಾಡಿಕೊಳ್ಳಲು ಪಡಿಯನ್ನೂ ಕೊಡುತ್ತದೆ. ಸಾಲಿನ ನಡುವಣ ಎಡೆಯನ್ನು, ಪುಟದ ಅಂಚನ್ನು ಬೇಕಾದಂತೆ ಬದಲಿಸಬಹುದು. ಇದನ್ನು ಕಂಡ ಮೇಲೆ ಪ್ರಿಂಟರು ಗಣಕದ ಬಾಲವೆಂದು ಹೇಳಲು ಬಾಯಿ ಬಾರದು.

ಇನ್ನು ವಿದ್ಯುತ್ತಿನ ಕಾಲ. ಹಳೆಯ ರೇಡಿಯೋಗಳನ್ನು ಬಲ್ಲವರಿಗೆ ವಾಲ್ವಿನ ಪರಿಚಯವುಂಟು. ಐದಾರು ವಾಲ್ವುಗಳಿದ್ದ ಪೆಟ್ಟಿಗೆ ಬಿಸಿಯೇರಿ ದನಿ ಬರುವವರೆಗೆ ಕಾಯಬೇಕಾಗಿತ್ತು. ಅಮೆರಿಕದಲ್ಲಿ ೧೯೪೬ರ ಫೆಬ್ರವರಿಯಲ್ಲಿ ಲೋಕಕ್ಕೆ ತೋರಿಸಿದ 'ಎನಿಯಾಕ್' ಗಣಕಯಂತ್ರದಲ್ಲಿ ಅಂತಹ ವಾಲ್ವುಗಳು ಸುಮಾರು ೧೮ ಸಾವಿರ. ಅದನ್ನು ಕಟ್ಟಿಸಿದುದೇಕೆ? ಫಿರಂಗಿಯ ಗುಂಡು ಎಲ್ಲಿ ಬೀಳುವುದೆಂಬ ಕೋಷ್ಟಕ ಮಾಡುವುದಕ್ಕೆ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಕಟ್ಟಿಸಿದ 'ಎಡ್‌ಸ್ಯಾಕ್' ೧೯೪೯ರ ಮೇ ೬ರಂದು ಮೊದಲ ಬಾರಿ ನಡೆದಾಗ ತಂತಿಕಚೇರಿಯ ಟೆಲಿಪ್ರಿಂಟರಿನ ಮೇಲೆ ಒತ್ತಿಕೊಟ್ಟುದೇನು? ವರ್ಗಸಂಖ್ಯೆಗಳ ಕೋಷ್ಟಕ! ಬ್ಯಾಬೇಜನ ಹಂಬಲ ನೂರಿಪ್ಪತ್ತೆಂಟು ವರ್ಷಕ್ಕೆ ಕೈಗೂಡಿತೆನ್ನಬೇಕು. ನಮ್ಮ ದೇಶಕ್ಕೆ ಮೊದಲ ಗಣಕಯಂತ್ರ ಬಂದುದು ೧೯೫೫ರಲ್ಲಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ನಮ್ಮವರೇ ಕಟ್ಟಿದ ಟಿಫ್ರಾಕ್ ಯಂತ್ರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರಲ್ಲಿ ಕೆಲಸ ಪ್ರಾರಂಭಿಸಿತು.

ಯಂತ್ರಗಳ ವೇಗ ಹೆಚ್ಚಿದಂತೆ ಅಚ್ಚು ಹಿಂದೆ ಬಿದ್ದಿತು. ಎಣಿಕೆ ಮುಗಿದಿದೆ, ಟೆಲಿಪ್ರಿಂಟರು ಇನ್ನೂ ಟಕಟಕ ಎನ್ನುತ್ತಿದೆ. ಆದುದರಿಂದ ಒಂದೊಂದು ಅಕ್ಷರದ ಬದಲು ಒಂದೊಂದು ಸಾಲನ್ನೇ ಒತ್ತುವ ಯಂತ್ರಗಳು ಬಂದವು. ಐ.ಬಿ.ಎಂ. ಸಂಸ್ಥೆ ೧೯೫೯ರಲ್ಲಿ ತಂದ ೧೪೦೩ ಎಂಬ ಪ್ರಿಂಟರು ನಿಮಿಷಕ್ಕೆ ೬೦೦ ಸಾಲು ಒತ್ತುತ್ತಿತ್ತು. ಸೈಕಲ್ಲಿನ ಸರಪಳಿಯಂತೆ ಸುತ್ತುವ ಸರಪಳಿಯ ಮೇಲೆ ಉಕ್ಕಿನ ಅಕ್ಷರಗಳು. ಬೇಕಾದ ಅಕ್ಷರ ಎದುರಿಗೆ ಬಂದ ಕ್ಷಣಕ್ಕೆ ಹಿಂದಿನಿಂದ ಸುತ್ತಿಗೆಯ ಪೆಟ್ಟು. ಸರಪಳಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಬೇರೆ ಬೇರೆ ಚಿಹ್ನೆಗಳು ೪೮. ಇಂಗ್ಲಿಷಿನ ದೊಡ್ಡಕ್ಷರ ೨೬, ಅಂಕಿ ೧೦, ಮಿಕ್ಕವು ಚುಕ್ಕೆ ಗೆರೆಗಳು, ಅವರಿಗೆ ಸಾಕು. ನಮ್ಮ ವರ್ಣಮಾಲೆಯೇ ೪೯! ಮೇಲೆ ಕಾಗುಣಿತವುಂಟು, ಒತ್ತಕ್ಷರವುಂಟು. ಸಿದ್ಧವಾದ ಅಕ್ಷರವನ್ನು ಯಂತ್ರ ಹೊತ್ತು ತಿರುಗುವವರೆಗೆ ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ.

ಈ ತೊಡಕು ನಮಗೆ ಹೊಸದೇನಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಮೊಳೆಯಿಂದ ಅಚ್ಚಾಯಿತು. ಹಾಗಿದ್ದರೂ ಮಂಗಳೂರಿನ ಬಾಸೆಲ್ ಮಿಷನ್ನಿನವರು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಆಶ್ರಯಿಸಿದ್ದು ಕಲ್ಲಚ್ಚನ್ನು. ಕಲ್ಲಚ್ಚಿನಲ್ಲಿ ಮೊಳೆಯೇ ಬೇಡ. ಬರೆದ ಆಕಾರವೇ ಅಚ್ಚಾಗುತ್ತದೆ. ಗಣಕಯಂತ್ರದ ಪ್ರಿಂಟರಿನಲ್ಲಿಯೂ ಮೊಳೆ ಹೋಗಿ ಆಕಾರ ಉಳಿಯುವ ಕಾಲವೊಂದು ಬಂದಿತು. ಅದು ಚುಕ್ಕೆಯ ಕಾಲ. ರಂಗೋಲಿ ಹಾಕುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಚುಕ್ಕೆ ಇಟ್ಟರೆ ಯಾವ ಆಕಾರವಾದರೂ ಆಗುತ್ತದೆ.

ಜಪಾನಿನ ಎಪ್ಸನ್ ಸಂಸ್ಥೆಯ ಎಂ.ಎಕ್ಸ್. ೮೦ ಎಂಬ ಪ್ರಿಂಟರು ೧೯೮೦ರಲ್ಲಿ ಬಂದಿತು. ಅದರ ತಲೆಯಲ್ಲಿ ಮೇಲಿಂದ ಕೆಳಕ್ಕೆ ಒಂಬತ್ತು ಸೂಜಿಗಳು. ಮಸಿಯ ರಿಬ್ಬನ್ನಿನ ಮೇಲೆ ಬಡಿದು ಚುಕ್ಕೆ ಮೂಡಿಸುತ್ತ ತಲೆ ಓಡುತ್ತದೆ. ಡಾಟ್ ಮ್ಯಾಟ್ರಿಕ್ಸ್ ಎಂಬುದು ಇದೇ. ಅದರ ಕಿರುಗುಟ್ಟುವ ಸದ್ದು ಬ್ಯಾಂಕಿನಲ್ಲಿಯೋ ರೈಲ್ವೆ ನಿಲ್ದಾಣದಲ್ಲಿಯೋ ತಮ್ಮ ಕಿವಿಗೆ ಬಿದ್ದಿದ್ದೀತು. ಸೂಜಿ ಬಡಿಯುವುದರಿಂದ ಕಾರ್ಬನ್ ಹಾಳೆಯಿಟ್ಟು ಎರಡು ಮೂರು ಪ್ರತಿ ತೆಗೆಯಬಹುದು. 'ಸ್ತ್ರೀ' ಎಂಬ ಒಂದಕ್ಷರಕ್ಕೆ ಮಾತ್ರ ಒಂಬತ್ತು ಚುಕ್ಕೆಯ ಎತ್ತರ ಯಾತಕ್ಕೂ ಸಾಲದು. ತಲೆಯನ್ನು ಒಂದೇ ಸಾಲಿನ ಮೇಲೆ ಎರಡು ಮೂರು ಬಾರಿ ಓಡಿಸಬೇಕು.

ಮಸಿ ಚಿಮ್ಮುವ ಇಂಕ್‌ಜೆಟ್ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ೧೯೭೭ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಬೆಸುಗೆ ಹಾಕುವ ಬಿಸಿ ಕಡ್ಡಿಯೊಂದು ಮಸಿ ತುಂಬಿದ ಪಿಚಕಾರಿಯ ಸೂಜಿಗೆ ಅಕಸ್ಮಾತ್ತಾಗಿ ತಾಗಿತು. ತುದಿಯಿಂದ ಮಸಿಯ ಹನಿ ಚಿಮ್ಮಿತು. ಬಿಸಿಗೆ ಮಸಿಯಲ್ಲಿ ಗುಳ್ಳೆಯೆದ್ದು ಹನಿಯನ್ನು ಹೊರನೂಕುತ್ತದೆಂದು ಅವರು ಕಂಡುಕೊಂಡರು. ಕೂದಲಿಗಿಂತ ಸಣ್ಣ ತೂತುಗಳ ಸಾಲು ಮಾಡಿ, ಒಂದೊಂದರ ಹಿಂದೆಯೂ ಕ್ಷಣಮಾತ್ರ ಬಿಸಿಯಾಗುವ ಬಿಲ್ಲೆಯನ್ನಿಟ್ಟರೆ ಪ್ರಿಂಟರಾಯಿತು. ಎಲ್ಲ ಕಂಪನಿಗಳೂ ಬಿಸಿಯನ್ನು ಬಳಸುವುದಿಲ್ಲ. ಕೆಲವರು ವಿದ್ಯುತ್ತಿಗೆ ಉಬ್ಬಿ ಕುಗ್ಗುವ ಹರಳಿನಿಂದ ಹನಿಯನ್ನು ನೂಕುತ್ತಾರೆ.

ಲೇಸರ್ ಪ್ರಿಂಟರಿನ ಮೂಲ ಇನ್ನೂ ಹಿಂದಿನದು. ಚೆಸ್ಟರ್ ಕಾರ್ಲ್‌ಸನ್ ಎಂಬ ಅಮೆರಿಕದವನು ೧೯೩೮ರ ಅಕ್ಟೋಬರ್ ೨೨ರಂದು ಗಂಧಕ ಬಳಿದ ತಗಡಿಗೆ ವಿದ್ಯುತ್ತಿನ ಕಸುವು ಕೊಟ್ಟು, ಬೆಳಕು ಬಿದ್ದೆಡೆ ಅದು ಇಳಿದುಹೋಗುವುದನ್ನೂ, ಉಳಿದೆಡೆ ಪುಡಿ ಅಂಟುವುದನ್ನೂ ತೋರಿಸಿದನು. ನಾವು 'ಜೆರಾಕ್ಸ್' ಎಂದು ಕರೆಯುವ ಪ್ರತಿಯಂತ್ರ ಇದರಿಂದ ಬಂದಿತು. ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್, ಬರೆದ ಹಾಳೆಯ ಬೆಳಕಿನ ಬದಲು ಗಣಕಯಂತ್ರ ಆಡಿಸುವ ಲೇಸರ್ ಕಿರಣವನ್ನೇ ಉರುಳೆಯ ಮೇಲೆ ಬಿಟ್ಟರೆ ಹೇಗೆಂದು ಯೋಚಿಸಿದನು. ಮೇಲಧಿಕಾರಿಗಳು ಒಪ್ಪಲಿಲ್ಲ, ೧೯೭೧ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧನಾಲಯಕ್ಕೆ ಹೋಗಿ ಅಲ್ಲಿ ಮಾಡಿ ತೋರಿಸಿದನು. ಕಿರಣ ಚುಕ್ಕೆ ಚುಕ್ಕೆಯಾಗಿ ಉರುಳೆಯ ಮೇಲೆ ಬರೆಯುತ್ತದೆ, ಟೋನರ್ ಪುಡಿ ಅಲ್ಲಿ ಅಂಟುತ್ತದೆ, ಕಾಗದಕ್ಕೆ ಇಳಿಯುತ್ತದೆ, ಬಿಸಿ ಉರುಳೆ ಪುಡಿಯನ್ನು ಕರಗಿಸಿ ಕಾಗದಕ್ಕೆ ಹಿಡಿಸುತ್ತದೆ. ಅಂಗಡಿಯಿಂದ ತಂದ ಹಾಳೆ ಬೆಚ್ಚಗಿರುವುದಕ್ಕೆ ಕಾರಣ ಇದು. ೧೯೮೪ರಲ್ಲಿ ಎಚ್.ಪಿ. ಕಂಪನಿಯ ಲೇಸರ್‌ಜೆಟ್ ಮೇಜಿನ ಮೇಲಿಡುವಷ್ಟು ಚಿಕ್ಕದಾಗಿ ಬಂದಿತು. ಒಂದು ಅಂಗುಲದಲ್ಲಿ ೩೦೦ ಚುಕ್ಕೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಎ-೪ ಅಳತೆಯ ಹಾಳೆಯ ಮೇಲೆ ಅಂಗುಲಕ್ಕೆ ೩೦೦ರಂತೆ ಚುಕ್ಕೆಯ ಮನೆಗಳು ಸುಮಾರು ೮೭ ಲಕ್ಷ. ಅದೇ ಹಾಳೆಯ ಬರಹವನ್ನು ಗಣಕಯಂತ್ರ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವುದು ಒಂದೆರಡು ಸಾವಿರ ಸಂಖ್ಯೆಗಳಾಗಿ. ಹೇಗೆಂದರೆ, ಪ್ರತಿ ವರ್ಣಕ್ಕೂ ಒಂದು ಸಂಖ್ಯೆ ನಿಗದಿಯಾಗಿದೆ. ೧೯೯೧ರಲ್ಲಿ ಮೊದಲು ಹೊರಬಿದ್ದ ಯೂನಿಕೋಡ್ ಎಂಬ ಸರ್ವಲಿಪಿಗಳ ಪಟ್ಟಿಯಲ್ಲಿ 'ಕ'ಕಾರಕ್ಕೆ ೩೨೨೧. ಯಂತ್ರ ಅದನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ೧೧೦೦೧೦೦೧೦೧೦೧ ಎಂದು ಇಟ್ಟ ಹಾಗೆ. ಈ ಸಂಖ್ಯೆಗೆ ಆಕಾರವಿಲ್ಲ. ಆಕಾರ ಕೊಡುವುದು 'ಫಾಂಟ್' ಎಂಬ ಅಕ್ಷರರೂಪಗಳ ಪೆಟ್ಟಿಗೆ; ಮೊಳೆಯ ಪೆಟ್ಟಿಗೆಯ ಮೊಮ್ಮಗನೆನ್ನಿ. ಸಂಖ್ಯೆಯಿಂದ ಆಕಾರ, ಆಕಾರದಿಂದ ಚುಕ್ಕೆ, ಚುಕ್ಕೆಯಿಂದ ಮಸಿ: ನಾವು ಗುಂಡಿಯೊತ್ತಿದಾಗ ಆಗುವುದು ಇಷ್ಟು.

ವ್ಯಾಕರಣ ಓದಿದವರಿಗೆ ಇದು ಪರಿಚಿತ ನೆಲ. ಕಿವಿಗೆ ಕೇಳುವ ಅಕ್ಷರ ಶ್ರಾವಣ, ಕಣ್ಣಿಗೆ ಕಾಣುವುದು ಚಾಕ್ಷುಷ ಎಂದು ನಮ್ಮಲ್ಲಿ ಭೇದ ಮಾಡಿದ್ದಾರೆ. 'ಅರ್ಕ' ಎಂಬ ಮಾತನ್ನು ನೋಡಿ. ಕಿವಿಗೆ ರಕಾರ ಮೊದಲು, ಕಕಾರ ಆಮೇಲೆ. ಕಣ್ಣಿಗೆ ಕಕಾರ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ಗಣಕಯಂತ್ರ ಯಾವುದನ್ನು ಹಿಡಿಯಿತು? ಕಿವಿಯ ಕ್ರಮವನ್ನು! ಅ, ರ, ಸ್ವರವಿಲ್ಲವೆಂಬ ಗುರುತು, ಕ, ಎಂದು ೩೨೦೫, ೩೨೪೮, ೩೨೭೭, ೩೨೨೧ ಎಂಬ ನಾಲ್ಕು ಸಂಖ್ಯೆಗಳನ್ನು ಅದು ಇಡುತ್ತದೆ. ಕಣ್ಣಿನ ಕ್ರಮಕ್ಕೆ ತಿರುಗಿಸುವುದು ಫಾಂಟಿನ ಪಾಲಿನ ಕೆಲಸ. ೧೯೯೧ರ ಭಾರತೀಯ ಮಾನಕವೂ ಈ ಉಚ್ಚಾರಣೆಯ ಕ್ರಮವನ್ನೇ ಹಿಡಿದಿದ್ದಿತು. ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯೂ ಇದೇ ದಾರಿಯದು; ಅಷ್ಟು ಕಡಮೆ ಕೀಲಿಗಳಲ್ಲಿ ಎಲ್ಲ ಒತ್ತಕ್ಷರಗಳೂ ಹುಟ್ಟುವುದು ಅದರಿಂದಲೇ. ತಮ್ಮ ತಂತ್ರಾಂಶಕ್ಕೆ ಅವರು ಸೇಡಿಯಾಪು ಕೃಷ್ಣಭಟ್ಟರಂತಹ ವಿದ್ವಾಂಸರ ಹೆಸರನ್ನಿಟ್ಟುದು ಪಂಡಿತರಾದ ನಮಗೆಲ್ಲ ಹೆಮ್ಮೆಯ ವಿಷಯ.

ಆದರೆ ಯೂನಿಕೋಡ್ ನಮ್ಮ ಊರುಗಳಿಗೆ ಬಂದು ತಲುಪುವ ಮೊದಲು ಹದಿನೈದು ಇಪ್ಪತ್ತು ವರ್ಷ ಬೇರೊಂದು ಪದ್ಧತಿ ನಡೆಯಿತು. ೧೯೯೦ರ ದಶಕದ ಡಿ.ಟಿ.ಪಿ. ಅಂಗಡಿಗಳನ್ನು ನೆನಪಿಸಿಕೊಳ್ಳಿ. ಇಂಗ್ಲಿಷಿಗೆಂದು ಮಾಡಿದ ೨೫೬ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ತುಂಡುಗಳನ್ನು ತಂದಿಟ್ಟರು. ಒಬ್ಬೊಬ್ಬ ತಯಾರಕ ಒಂದೊಂದು ಬಗೆಯಲ್ಲಿ. ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಕಾಗದದ ಮೇಲೆ ಮುತ್ತಿನಂತಹ ಕನ್ನಡ. ಯಂತ್ರದ ನೆನಪಿನಲ್ಲಿದ್ದುದು ಮಾತ್ರ ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅಚ್ಚು ಸರಿ, ಅಂಕಿ ತಪ್ಪು. ಬ್ಯಾಬೇಜ್ ಕೂಡಿಸಿದ್ದನ್ನು ನಾವು ಮತ್ತೆ ಅಗಲಿಸಿದೆವು. ಆ ಕಾಲಕ್ಕೆ ಬೇರೆ ಹಾದಿ ಸುಲಭವಿರಲಿಲ್ಲವೆಂಬುದು ನಿಜ. ನಮ್ಮ ಶಾಲೆಯ ಸ್ಮರಣ ಸಂಚಿಕೆಯೊಂದನ್ನು ಆಗ ಊರಿನ ಅಂಗಡಿಯೊಂದರಲ್ಲಿ ಹೀಗೆಯೇ ಸಿದ್ಧಪಡಿಸಿದ್ದರು. ಹಿರಿಯ ಉಪಾಧ್ಯಾಯರ ನೆನಪಿನ ಬರಹಗಳು ಅದರಲ್ಲಿದ್ದವು. ಅವರಲ್ಲಿ ಅನೇಕರು ಇಂದಿಲ್ಲ. ಪುಸ್ತಕ ಕಪಾಟಿನಲ್ಲಿದೆ, ಚೆನ್ನಾಗಿ ಓದಬಹುದು. ಆ ಕಡತವನ್ನು ಇತ್ತೀಚೆಗೆ ಹೊಸ ಯಂತ್ರದಲ್ಲಿ ತೆರೆದಾಗ ಬಂದುದು ಪುಟಗಟ್ಟಲೆ ಕಲಸುಮೇಲೋಗರ. ಇದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ನಮ್ಮ ಕಡತಕ್ಕೆ ಬಳಸಿದಾಗ ಬಹುಪಾಲು ಸರಿಬಂದಿತು. ಅರ್ಕಾವೊತ್ತು ಮತ್ತು ಎರಡೆರಡು ಒತ್ತುಗಳ ಎಡೆಯಲ್ಲಿ ತಪ್ಪಿತು. ಒಬ್ಬರು ಪುಸ್ತಕ ಓದಿ, ಇನ್ನೊಬ್ಬರು ತೆರೆ ನೋಡಿ ತಿದ್ದಬೇಕಾಯಿತು.

ಹಾಗೆ ತಾಳೆ ನೋಡುವ ಕೆಲಸವನ್ನು ನಮ್ಮ ರಾಜ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದುದುಂಟು. ೨೦೦೦ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ಪಹಣಿಗಳು. ಏರಿಸಿದುದನ್ನು ಅಚ್ಚು ಮಾಡಿ, ಅಂದಿನ ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ಮೂಲದೊಡನೆ ಹೋಲಿಸಿ ತಿದ್ದಿಸಿದ ಮೇಲೆಯೇ ತಾಲ್ಲೂಕು ಕಚೇರಿಯ ಪ್ರಿಂಟರಿನಿಂದ ೧೫ ರೂಪಾಯಿಗೆ ರೈತನಿಗೆ ಪಹಣಿ ಕೊಡುವ ಕ್ರಮ ಬಂದಿತು. ಯೂನಿಕೋಡ್ ಪಟ್ಟಿಯಲ್ಲಿ 'ಲ'ಕಾರ ೩೨೫೦, 'ಳ'ಕಾರ ೩೨೫೧. ಒಂದೇ ಒಂದರ ಅಂತರ. ಕಾಳಯ್ಯನು ಕಾಲಯ್ಯನಾದರೆ ಯಂತ್ರಕ್ಕೆ ಏನೂ ಅನ್ನಿಸದು. ಜಮೀನಿನ ಒಡೆಯನಿಗೆ ಅನ್ನಿಸುತ್ತದೆ. ನಮ್ಮ ತಾಳೆಯೋಲೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲ ಎಂಬರ್ಥದ ಮಾತನ್ನು ಬರೆದಿಡುತ್ತಿದ್ದರು. ಪ್ರಿಂಟರಿಗೆ ಬಾಯಿದ್ದರೆ ಅದೂ ಅದನ್ನೇ ಹೇಳೀತು.

ಕೊನೆಯದಾಗಿ ಮನೆಯ ಮಕ್ಕಳಿಂದ ಮಾಡಿಸಬಹುದಾದ ಪರೀಕ್ಷೆಯೊಂದು. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ಕಾಗದದ ಮೇಲೆ ಒಂದೇ ಬಗೆಯ ದುಂಡು. ಯೂನಿಕೋಡಿನಲ್ಲಿ ಅನುಸ್ವಾರ ೩೨೦೨, ಸೊನ್ನೆ ೩೩೦೨. 'ಹಂಪೆ' ಎಂಬ ಮಾತನ್ನು ಒಮ್ಮೆ ಅನುಸ್ವಾರದಿಂದಲೂ, ಮತ್ತೊಮ್ಮೆ ಅದರ ಜಾಗದಲ್ಲಿ ಸೊನ್ನೆಯಿಂದಲೂ ಬೆರಳಚ್ಚಿಸಲಿ. ಎರಡನ್ನೂ ಅಚ್ಚು ತೆಗೆಯಲಿ. ಕಾಗದದ ಮೇಲೆ ಭೇದ ಕಾಣುವುದು ಕಷ್ಟ. ಆಮೇಲೆ ಯಂತ್ರದ ಹುಡುಕುವ ಪೆಟ್ಟಿಗೆಯಲ್ಲಿ ಅನುಸ್ವಾರದ 'ಹಂಪೆ'ಯನ್ನು ಹುಡುಕಿಸಲಿ. ಎರಡಿರುವಲ್ಲಿ ಒಂದೇ ಸಿಗುವುದು.